ಪೈಲ್ವಾನರ ಬಗಲಿನ ಸಂದು

ನನ್ನ ಕೈಗಳ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರೊಟ್ಟಿ ಬಡಿಯಲು, ತುಂಬಿದ ಕೊಡ ಎತ್ತಲು, ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡ ಬಾಗಿಲನ್ನು ಗುದ್ದಿ ತೆರೆಯಲು ಇವು ಹೇಳಿ ಮಾಡಿಸಿದಂಥ ಕೈಗಳು. ಸೂಜಿಗೆ ದಾರ ಪೋಣಿಸುವಂಥ ಕೆಲಸ ಎದುರಾದರೆ ಮಾತ್ರ ಇವು ನನ್ನವೇ ಅಲ್ಲವೆಂಬಂತೆ ನಡೆದುಕೊಳ್ಳುತ್ತವೆ. ನಮ್ಮವ್ವ ಇದ್ದಾಗ ಬಂದವರ ಮುಂದೆಲ್ಲ ಹೇಳುತ್ತಿದ್ದಳು, ದೇವರು ಬುದ್ಧಿಯನ್ನೂ ಬೆರಳನ್ನೂ ದೊಡ್ಡವಳಿಗೆ ಕೊಟ್ಟ, ಹಸಿವನ್ನೂ ದನಿಯನ್ನೂ ಸಣ್ಣವಳಿಗೆ ಕೊಟ್ಟ ಎಂದು. ಆ ಸಣ್ಣವಳು ನಾನು, ಸುನಂದಾ. ಈ ಹಂಚಿಕೆಯ ಬಗ್ಗೆ ನನಗೆ ಅರವತ್ತು ಸಮೀಪಿಸುವ ತನಕ ಯಾವ ತಕರಾರೂ ಇರಲಿಲ್ಲ. ದೊಡ್ಡವಳ ಬೆರಳು ಕೆಲಸ ನಿಲ್ಲಿಸಿ, ಅವುಗಳ ಬದಲಿಗೆ ನನ್ನವನ್ನು ಕರೆಸಿದ ಮೇಲೆಯೇ ತೊಂದರೆ ಶುರುವಾದದ್ದು.

ನಮ್ಮ ಅಕ್ಕ ಮಾಲತಿ ಇಲ್ಲೇ ಅಥಣಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಲೆಕ್ಕ ಕೂಡಲಿಲ್ಲ ಎಂದು ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದಳು. ನಿವೃತ್ತಳಾದ ಮೇಲೆ ನಮ್ಮ ಮನೆಯ ಮುಂದಿನ ಖೋಲಿಗೆ ಬಂದಳು. ಅವಳ ಜೊತೆ ನಿವೃತ್ತರಾದ ಟೀಚರಮ್ಮಂದಿರು ತೀರ್ಥಯಾತ್ರೆ ಹೊರಟರು, ಮೊಮ್ಮಕ್ಕಳನ್ನು ಎತ್ತಿಕೊಂಡರು. ಇವಳು ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಬೆರಳುದ್ದದ ಸಿಪಾಯಿಗಳನ್ನು ಮಾಡಿ ಬಣ್ಣ ಬಳಿಯುವುದನ್ನು ನೋಡಿ ನೋಡಿ ತಾನೂ ಶುರು ಹಚ್ಚಿಕೊಂಡಳು. ಮೊದಲು ಮಣ್ಣಿನಲ್ಲಿ ತಿದ್ದುವುದು, ಅದರ ಮೇಲೆ ರಬ್ಬರಿನ ಅಚ್ಚು ತೆಗೆಯುವುದು, ಅಚ್ಚಿನೊಳಗೆ ರಾಳದಂಥ ದ್ರವ ಸುರಿದು ಗಟ್ಟಿ ಮಾಡುವುದು. ಕೈ, ಕಾಲು, ರುಂಡ, ಮುಂಡ ಎಲ್ಲ ಬೇರೆ ಬೇರೆ. ಅವಳ ಮೇಜಿನ ಮೇಲೆ ಒಂದು ತಾಟಿನಲ್ಲಿ ಬರೀ ತೊಡೆಗಳು, ಇನ್ನೊಂದರಲ್ಲಿ ಬರೀ ತಲೆಗಳು ಇರುತ್ತಿದ್ದವು. ಕಸ ಗುಡಿಸಲು ಹೋದಾಗಲೆಲ್ಲ ನನಗೆ ಯಾವುದೋ ದೊಡ್ಡ ಅಪಘಾತ ನಡೆದ ಜಾಗಕ್ಕೆ ಬಂದಂತಾಗುತ್ತಿತ್ತು.

ಮಾಡುತ್ತಿದ್ದದ್ದು ಸಿಪಾಯಿಗಳನ್ನಲ್ಲ, ಪೈಲ್ವಾನರನ್ನು. ಸಣ್ಣವರಿದ್ದಾಗ ನಾವು ಶೇಡಬಾಳದ ಅತ್ತೆಯ ಮನೆಗೆ ಹೋಗುತ್ತಿದ್ದೆವು. ಅವರ ಮನೆಯ ಹಿಂದಿನ ಬಯಲಿನಲ್ಲಿ ಕುಸ್ತಿ ನಡೆಯುತ್ತಿತ್ತು. ಹೆಣ್ಣುಮಕ್ಕಳು ಅಲ್ಲಿ ಕಾಲಿಡುವಂತಿರಲಿಲ್ಲ. ಅಕ್ಕ ಮಾಳಿಗೆ ಹತ್ತಿ, ಒಣಹಾಕಿದ ಸೀರೆಗಳ ಮರೆಯಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಒಣಹಾಕಿದ ಶೇಂಗಾ ತಿನ್ನುತ್ತಿದ್ದೆ. ಹೀಗಾಗಿ ಆ ಕುಸ್ತಿಗಳ ಪೈಕಿ ನನಗೆ ನೆನಪಿರುವುದು ಶೇಂಗಾದ ರುಚಿ ಮಾತ್ರ. ಅಕ್ಕನಿಗೆ ಯಾರು ಯಾರ ಕಾಲು ಹಿಡಿದ, ಯಾರ ಕೈ ಎಲ್ಲಿತ್ತು ಎಲ್ಲವೂ ನೆನಪು.

ಆ ಪೈಲ್ವಾನರಲ್ಲಿ ಒಬ್ಬರು ನಮ್ಮ ಓಣಿಯಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದ ದಸ್ತಗೀರ ಪೈಲ್ವಾನರು. ಎಪ್ಪತ್ತು ದಾಟಿದ ಆಳು, ಹೊಟ್ಟೆ ಗಿರಣಿಯ ಬಾಗಿಲಿನಷ್ಟು ಅಗಲ, ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳೊಂದನ್ನು ತೆಗೆಸಿಕೊಂಡವರು. ಮೀಸೆ ಮಾತ್ರ ಹರೆಯದ್ದು. ವಯಸ್ಸಿನಲ್ಲಿದ್ದಾಗ ಸಾಂಗ್ಲಿ ಕಡೆಯ ಹೆಸರಾದ ಪೈಲ್ವಾನನೊಬ್ಬನ ಜೊತೆ ಶೇಡಬಾಳದಲ್ಲಿ ಇವರ ಕುಸ್ತಿ ಆಗಿತ್ತು. ಬೆಳಕು ಹೋಗುವ ತನಕ ಹಿಡಿದರೂ ಯಾರೂ ಚಿತ್ ಆಗಲಿಲ್ಲ, ಬರೋಬರಿ, ಇಬ್ಬರೂ ಸಮ ಅಂತ ಬಿಡಿಸಿದರಂತೆ. ಜೋಳ ಬೀಸಿಸಲು ಹೋದವರು ಈ ಕಥೆ ಕೇಳದೆ ಹಿಟ್ಟು ತರುವುದು ಸಾಧ್ಯವಿರಲಿಲ್ಲ. ಅಕ್ಕ ಆ ಕುಸ್ತಿಯನ್ನು ಮಾಳಿಗೆಯಿಂದ ನೋಡಿದ್ದಳೆಂದು ಗೊತ್ತಾದಾಗ ಪೈಲ್ವಾನರು ಚೀಲ ಕಟ್ಟುವುದನ್ನು ಬಿಟ್ಟು ಎದ್ದು ನಿಂತರಂತೆ. ಆ ಜೋಡಿಯನ್ನು ನಿಮಗಾಗಿ ಮಾಡಿಕೊಡುತ್ತೇನೆ ಎಂದು ಅಕ್ಕ ಮಾತು ಕೊಟ್ಟು ಬಂದಳು.

ಕೈಕಾಲುಗಳ ಅಚ್ಚು ತೆಗೆದು, ಇಬ್ಬರನ್ನೂ ಅಂಟಿಸಿ ಕೂಡಿಸುವ ಹೊತ್ತಿಗೆ ಅಕ್ಕನ ಬಗಲಿನಲ್ಲಿ ಒಂದು ಗಡ್ಡೆ ಕೈಗೆ ಸಿಕ್ಕಿತು. ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಕೊಯ್ದರು, ಔಷಧಿ ಏರಿಸಿದರು, ಮತ್ತೆ ಕರೆದರು, ಮತ್ತೆ ಏರಿಸಿದರು. ಕಾಗವಾಡ ದಾಟಿ ಮಿರಜಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ನಮ್ಮ ಗುರುತು ಹತ್ತಿ, ಕೇಳದೆಯೇ ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ. ಕೂದಲು ಹೋದಾಗ ಅಕ್ಕ, ಎಣ್ಣೆ ಉಳಿಯಿತು ಅಂದಳು. ಆದರೆ ಔಷಧಿಯಿಂದ ಅವಳ ಬೆರಳ ತುದಿಗಳು ಜೋಮು ಹಿಡಿದವು. ಗುಂಡಿ ಹಾಕಿಕೊಳ್ಳಲು ಆಗದು, ಬಿಸಿ ಲೋಟ ಹಿಡಿದರೆ ಸುಟ್ಟದ್ದು ತಿಳಿಯದು. ಸ್ಪರ್ಶ ಮರಳಲು ಎಷ್ಟೋ ತಿಂಗಳು ಬೇಕು ಎಂದರು ಡಾಕ್ಟರು. ಅಷ್ಟು ತಿಂಗಳು ಇವೆಯೋ ಇಲ್ಲವೋ ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೇಜಿನ ಮೇಲೆ ಇಬ್ಬರು ಪೈಲ್ವಾನರು ಹಾಗೇ ಕೂತಿದ್ದರು. ಒಬ್ಬ ಕೆಳಗೆ, ಅಂಗೈ ಮೊಣಕಾಲು ಊರಿ ನೆಲ ಕಚ್ಚಿದವನು. ಇನ್ನೊಬ್ಬ ಅವನ ಬೆನ್ನ ಮೇಲೆ, ಸೊಂಟಕ್ಕೆ ಕೈ ಸುತ್ತಿ ಹೊರಳಿಸಲು ನೋಡುವವನು. ಆದರೆ ಎಲ್ಲಿ ಕೈ ಹೆಗಲಿಗೆ ಕೂಡಬೇಕಿತ್ತೋ ಅಲ್ಲಿ ಬೆಳಕು ಹಾಯುವಷ್ಟು ಸಂದು. ಬಗಲಲ್ಲಿ, ತೊಡೆಯ ಬುಡದಲ್ಲಿ, ಕತ್ತಿನಲ್ಲಿ ಎಲ್ಲ ಕಡೆ ಬಿರುಕು. ಅವನ್ನೆಲ್ಲ ಪುಟ್ಟಿಯಿಂದ ತುಂಬಿ, ಉಜ್ಜಿ, ಒಂದೇ ಮೈ ಅನ್ನುವಂತೆ ಮಾಡಬೇಕು. ಬಣ್ಣದ ಮಾತು ಆಮೇಲಿನದು. ಒಂದು ದಿನ ಅಕ್ಕ ನನ್ನನ್ನು ಕರೆದು ಕೈ ಚಾಚು ಅಂದಳು. ಚಾಚಿದೆ. ಬಹಳ ಹೊತ್ತು ನೋಡಿ, ಬೇರೆ ಯಾರೂ ಇಲ್ಲದ್ದರಿಂದ ನಡೆಯುತ್ತದೆ ಅಂದಳು.

ಈ ಪುಟ್ಟಿ ಅನ್ನುವುದು ಎರಡು ಬಣ್ಣದ ಎರಡು ಕಡ್ಡಿ. ನಳ ಸೋರಿದರೆ ಹಚ್ಚುತ್ತಾರಲ್ಲ, ಆ ಜಾತಿಯದೇ, ಸ್ವಲ್ಪ ನಯ. ಎರಡನ್ನೂ ಸಮನಾಗಿ ಚಿವುಟಿ ನಾದಬೇಕು. ನಾದಿದ ಮೇಲೆ ಕುಕ್ಕರಿನಲ್ಲಿ ಅನ್ನ ಆಗುವಷ್ಟು ಹೊತ್ತು ಮಾತ್ರ ಅದು ಮೆತ್ತಗಿರುತ್ತದೆ, ಆಮೇಲೆ ಕಲ್ಲು. ನಾನು ರೊಟ್ಟಿಯ ಹಿಟ್ಟಿನಂತೆ ಮುಷ್ಟಿ ಕಟ್ಟಿ ನಾದಿದೆ. ಅರ್ಧ ಪುಟ್ಟಿ ಬಳೆಗಳ ಸಂದಿಗೆ ಹೋಯಿತು. ಉಳಿದದ್ದನ್ನು ಕೆಳಗಿನವನ ತೊಡೆಗೆ ಹಚ್ಚಿ ಒತ್ತಿದೆ. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಇದೇನ ಸುನಂದಾ, ಅಂವನ ತಿಕದ ಮ್ಯಾಲ ಹೆಬ್ಬೆಟ್ಟ ಒತ್ತೀಯಲ್ಲ, ಹೊಲ ಬರಕೊಟ್ಟಂಗ."

ಬೆರಳಿಗೆ ನೀರು ಹಚ್ಚಿಕೊಳ್ಳಬೇಕಂತೆ, ಹಲ್ಲುಕಡ್ಡಿಯ ತುದಿಯಿಂದ ಸಂದಿನೊಳಗೆ ತಳ್ಳಬೇಕಂತೆ, ಮೇಲೆ ಪೇರಿಸಬಾರದಂತೆ. ನನಗೆ ಪೇರಿಸದೆ ಇರಲು ಬರುವುದಿಲ್ಲ. ಇನ್ನಷ್ಟು ಹಚ್ಚಿದರೆ ಭದ್ರವಾದೀತು ಎಂಬುದು ನನ್ನ ಸ್ವಭಾವ. ಉಪ್ಪಿಟ್ಟಿಗೆ ಎಣ್ಣೆ, ಮದುವೆಗೆ ಮಂದಿ, ಜಗಳಕ್ಕೆ ಮಾತು, ಎಲ್ಲದರಲ್ಲೂ ನಾನು ಒಂದು ಹಿಡಿ ಜಾಸ್ತಿಯೇ. ಮೇಲಿನವನ ಬಗಲಿನ ಸಂದನ್ನು ತುಂಬಿ ಒಣಗಲು ಬಿಟ್ಟು, ಮರುದಿನ ಹೆಮ್ಮೆಯಿಂದ ಅಕ್ಕನ ಮುಂದೆ ಹಿಡಿದೆ. ಅಲ್ಲಿ ಬಟಾಣಿಯಂಥದೊಂದು ಎದ್ದು ಕಾಣುತ್ತಿತ್ತು. ನನಗೆ ಅದು ಏನೆಂದು ಹೊಳೆಯುವ ಮೊದಲೇ ಅವಳಿಗೆ ಹೊಳೆಯಿತು.

"ಇವನ್ನೂ ಮಿರಜಿಗೆ ಕರಕೊಂಡ ಹೋಗೂಣು," ಅಂದಳು. "ಲಗೂನ ಸಿಕ್ಕೈತಿ, ಉಳೀತಾನ."

ಅಕ್ಕ ನಗುತ್ತಿದ್ದಳು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ನಾನು ನೀರು ತರಲು ಓಡಿದೆ. ಅಡುಗೆಮನೆಯಲ್ಲಿ ನನಗೆ ಲೋಟ ಯಾವುದು ತಂಬಿಗೆ ಯಾವುದು ತಿಳಿಯಲಿಲ್ಲ. ಆ ಗಡ್ಡೆಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಉಜ್ಜಿ ತೆಗೆದೆ. ಅದನ್ನು ಉಜ್ಜಿದಷ್ಟು ಸಿಟ್ಟಿನಿಂದ ನಾನು ಯಾವ ಪಾತ್ರೆಯನ್ನೂ ತಿಕ್ಕಿಲ್ಲ.

ಕಾಯಿಲೆಯವರನ್ನು ನೋಡಲು ಬರುವ ಮಂದಿಗೆ ನಮ್ಮ ಮನೆ ಹೊಸ ಪೇಚು ತಂದಿಟ್ಟಿತು. ಹಣ್ಣು ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಬಂದರೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಬ್ಬರು ಲಂಗೋಟಿಯವರು. ಪಕ್ಕದ ಮನೆಯ ಶಾಂತಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತು, ಗೋಡೆಗೇ ಧೈರ್ಯ ಹೇಳಿ ಹೋದಳು. ರಾಯಬಾಗದ ನಮ್ಮ ಚಿಗವ್ವ ಇಂಥ ಹೊತ್ತಿನಲ್ಲಿ ದೇವರ ಮೂರ್ತಿಯನ್ನಾದರೂ ಮಾಡಬಾರದೇ ಎಂದಳು. ದೇವರಿಗೆ ಸಂದು ಇರುವುದಿಲ್ಲ, ಕೆಲಸ ಇಲ್ಲ ಎಂದಳು ಅಕ್ಕ.

ತಪ್ಪದೆ ಬರುತ್ತಿದ್ದವರು ದಸ್ತಗೀರ ಪೈಲ್ವಾನರು. ಶುಕ್ರವಾರ ನಮಾಜು ಮುಗಿಸಿ, ದ್ರಾಕ್ಷಿಯ ಪೊಟ್ಟಣ ಹಿಡಿದು ಬರುವರು, ಕುರ್ಚಿ ಕಿರುಗುಟ್ಟುವಂತೆ ಕೂರುವರು. ನಿಮಗೇನೂ ಆಗುವುದಿಲ್ಲ, ನಾನು ಇನ್ನೂ ನಿಮ್ಮ ಕೈಯ ಚಹಾ ಕುಡಿಯಬೇಕು ಎಂದು ಧೈರ್ಯ ತುಂಬಿ, ಅಷ್ಟರಲ್ಲಿ ನಾನು ತಂದಿಟ್ಟ ಚಹಾ ಕುಡಿಯುವರು. ಆಮೇಲೆ ಶುರುವಾಗುತ್ತಿತ್ತು ತಕರಾರು. ಅಚ್ಚಿನಲ್ಲಿ ಇಬ್ಬರ ಮುಖವೂ ಬೋಳು. ಸಾಂಗ್ಲಿಯವನಿಗೆ ಮೀಸೆ ಇರಲಿಲ್ಲ, ದಸ್ತಗೀರರಿಗೆ ಇತ್ತು. ಮೀಸೆಯನ್ನು ಕೊನೆಗೆ ಪುಟ್ಟಿಯಿಂದಲೇ ಮಾಡಿ ಹಚ್ಚಬೇಕು. ಯಾರಿಗೆ ಹಚ್ಚುತ್ತೇವೋ ಅವರೇ ದಸ್ತಗೀರ. ಪೈಲ್ವಾನರು ಮೇಲಿನವನೇ ತಾನೆಂದರು. ಅಕ್ಕ ಕೆಳಗಿನವನೆಂದಳು.

"ನಾ ನೋಡೀನ್ರಿ," ಅನ್ನುತ್ತಿದ್ದಳು. "ನೀವು ಕೆಳಗ ಇದ್ರಿ. ಅಂವ ಎಷ್ಟ ಜಗ್ಗಿದ್ರೂ ನೀವು ಹೊಳ್ಳಲಿಲ್ಲ. ಮಣ್ಣಿಗೆ ಬೇರ ಬಿಟ್ಟಂಗ ಕುಂತಿದ್ರಿ. ಅದಕ್ಕರೀ ನಾ ಇದನ್ನ ಮಾಡಾಕತ್ತಿದ್ದು."

"ಮಾಳಿಗಿ ಮ್ಯಾಲಿಂದ ನೋಡಿದ್ರ ಮ್ಯಾಲ ಕೆಳಗ ಗೊತ್ತಾಗೂದಿಲ್ರಿ, ಟೀಚರ್," ಎಂದು ಅವರು ಮೀಸೆ ನೀವಿಕೊಳ್ಳುತ್ತಿದ್ದರು.

ಜೀವಮಾನವಿಡೀ ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಎಂದು ಸಾಧಿಸಿದವಳು ಅವಳು. ಸಾಯುವ ಹೊತ್ತಿನಲ್ಲಿ ಮೂರೂವರೆಗೆ ಒಪ್ಪುವಳೇ? ಒಮ್ಮೆ ಪೈಲ್ವಾನರು ಸಿಟ್ಟಾಗಿ ಚಹಾ ಅರ್ಧಕ್ಕೆ ಬಿಟ್ಟು ಹೋದರು. ಮುಂದಿನ ಶುಕ್ರವಾರ ಮತ್ತೆ ಬಂದರು. ಹೋದ ವಾರದ್ದೂ ಸೇರಿಸಿ ಎರಡು ಕಪ್ಪು ಕುಡಿದರು. ಅವರು ಹೋದ ಮೇಲೆ ಅಕ್ಕನ ಮುಖಕ್ಕೆ ರಕ್ತ ಬಂದಿರುತ್ತಿತ್ತು. ಮಿರಜಿನವರು ಏರಿಸುತ್ತಿದ್ದ ಔಷಧಿಗೆ ಆಗದ ಕೆಲಸವನ್ನು ಈ ಜಗಳ ಮಾಡುತ್ತಿತ್ತು.

ನಾವೆಲ್ಲ ಅಕ್ಕನ ಸಾವಿಗೆ ಸಿದ್ಧರಾಗಿದ್ದೆವು. ನಮ್ಮ ಯಜಮಾನರು ಯಾರಿಗೂ ಹೇಳದೆ ನೆಂಟರ ಫೋನ್ ನಂಬರುಗಳನ್ನೆಲ್ಲ ಸರಿಪಡಿಸಿ ಇಟ್ಟುಕೊಂಡಿದ್ದರು. ಅಕ್ಕ ತನ್ನ ಸೀರೆಗಳಲ್ಲಿ ಯಾವುದು ಯಾರಿಗೆ ಎಂದು ಹೇಳಿ ಮುಗಿಸಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ದಸ್ತಗೀರ ಪೈಲ್ವಾನರು ಯಾರದೋ ಜೋಳವನ್ನು ಗಿರಣಿಗೆ ಸುರಿದು, ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಜೋಳ ಮುಗಿದು ಖಾಲಿ ಕಲ್ಲು ಕಿರುಗುಟ್ಟುವ ಸದ್ದು ಕೇಳಿ ಪಕ್ಕದ ಅಂಗಡಿಯವರು ಓಡಿಬಂದು ನೋಡಿದರಂತೆ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

ಅಕ್ಕನಿಗೆ ನಾನೇ ಹೇಳಬೇಕಾಯಿತು. ಹೇಗೆ ಹೇಳುವುದೆಂದು ಬಾಗಿಲಲ್ಲಿ ನಿಂತು ಬಾಯಿಪಾಠ ಮಾಡಿಕೊಂಡು ಹೋದೆ, ಒಳಗೆ ಹೋಗಿ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಅವಳು ಕಿಟಕಿಯ ಕಡೆ ನೋಡುತ್ತ ಕೂತಳು.

"ಪಾಳಿ ನಂದಿತ್ತು," ಅಂದಳು. "ನಡುವ ನುಗ್ಗಿ ಹೋದ್ರಲ್ಲ."

ಆ ದಿನ ಅವಳು ಏನೂ ತಿನ್ನಲಿಲ್ಲ. ಮರುದಿನವೂ ಗಂಜಿಯನ್ನು ಮುಟ್ಟಲಿಲ್ಲ. ಇನ್ನು ಈ ಗೊಂಬೆಗಳ ಕೆಲಸ ನಿಂತಂತೆಯೇ ಎಂದುಕೊಂಡು ನಾನು ತಾಟುಗಳನ್ನು ತೆಗೆದಿಡಲು ಹೋದೆ. ಆಗ ಕರೆದು ಪುಟ್ಟಿ ನಾದು ಅಂದಳು.

"ಮ್ಯಾಲಿನಂವಗ ಮೀಸಿ ಹಚ್ಚು."

ಮೇಲಿನವನು ಸಾಂಗ್ಲಿಯವನಲ್ಲವೇ ಎಂದು ನಾನು ನೆನಪು ಮಾಡಿಕೊಟ್ಟೆ. ಇಷ್ಟು ದಿನ ಅವಳು ಹೇಳಿದ್ದನ್ನು ಕೇಳಿ ಕೇಳಿ ನಾನೂ ಆ ಕುಸ್ತಿಯನ್ನು ಕಣ್ಣಾರೆ ನೋಡಿದವಳಂತಾಗಿದ್ದೆ.

"ನನಗ ಗೊತ್ತೈತಿ. ಹಚ್ಚು ಅಂದ್ರ ಹಚ್ಚು."

ಜೀರಿಗೆ ಕಾಳಿನಷ್ಟು ಪುಟ್ಟಿ. ಅದನ್ನು ಮೂಗಿನ ಕೆಳಗೆ ಇಟ್ಟು, ನಡುವೆ ಗೆರೆ ಎಳೆದು, ಎರಡೂ ತುದಿ ಮೇಲಕ್ಕೆ ತಿರುವಬೇಕು. ನನ್ನ ಮೊದಲ ಮೀಸೆ ಮುಖದ ಮೇಲೆ ಹತ್ತಿದ ಜರಿಹುಳದಂತೆ ಕಂಡಿತು. ಎರಡನೆಯದು ನಶ್ಯ ಸುರಿದಂತಾಯಿತು. ಅಕ್ಕ ತಡೆಯಲಾರದೆ, ಇತ್ತ ಕೊಡು ಎಂದು ಹಲ್ಲುಕಡ್ಡಿಯನ್ನು ಕಸಿದುಕೊಂಡಳು. ಹಿಡಿದಳು. ಹಿಡಿದಿದ್ದೇನೆ ಎಂದೇ ಅವಳು ತಿಳಿದಿದ್ದಳು. ಕಡ್ಡಿ ಹೊದಿಕೆಯ ಮೇಲೆ ಬಿದ್ದಿತ್ತು. ಖಾಲಿ ಬೆರಳುಗಳನ್ನು ಪೈಲ್ವಾನನ ಮುಖದ ತನಕ ಒಯ್ದು, ಅಲ್ಲಿ ನೋಡಿಕೊಂಡಳು. ನಾನು ಕಡ್ಡಿಯನ್ನು ಎತ್ತಿಕೊಂಡೆ. ಆಮೇಲೆ ಅವಳು ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಎಡಕ್ಕೆ, ಇನ್ನಷ್ಟು ಸಣ್ಣಗೆ, ನೀರು ಹಚ್ಚಿಕೋ, ಈಗ ಮೇಲಕ್ಕೆ. ನನ್ನ ಜೀವನದಲ್ಲಿ ಅಷ್ಟು ಹೊತ್ತು ನಾನು ಉಸಿರು ಹಿಡಿದದ್ದಿಲ್ಲ, ಬಾಯಿ ಮುಚ್ಚಿದ್ದಂತೂ ಇಲ್ಲವೇ ಇಲ್ಲ. ಕೊನೆಗೆ ಅದು ಮೀಸೆಯಾಯಿತು. ಬಣ್ಣವನ್ನೂ ಹಾಗೇ ಬಳಿದು ಮುಗಿಸಿದೆವು.

ಅಕ್ಕನಿಗೆ ಹೊರಗೆ ಹೋಗುವ ಶಕ್ತಿ ಇರಲಿಲ್ಲ. ನಾನೇ ಒಂದು ಡಬ್ಬಿಯಲ್ಲಿ ಅರಳೆ ಹಾಸಿ, ಇಬ್ಬರನ್ನೂ ಮಲಗಿಸಿಕೊಂಡು ಪೈಲ್ವಾನರ ಮನೆಗೆ ಹೋದೆ. ಗಿರಣಿಯಲ್ಲಿ ಅವರ ಮಗ ಕೂತಿದ್ದ. ಹಿಂದಿನ ಮನೆಯಲ್ಲಿ ಅವರ ಹೆಂಡತಿ ಹಸೀನಾಬಿ ಚಾಪೆಯ ಮೇಲೆ ಗೋಡೆಗೊರಗಿದ್ದರು. ಗಂಡ ಹೋದ ಮೇಲೆ ಹೊಸ್ತಿಲು ದಾಟದೆ ಕೂರುವ ದಿನಗಳು ಅವು. ಡಬ್ಬಿ ತೆರೆದು, ಅಕ್ಕ ಕೊಟ್ಟ ಮಾತು ಇದು ಎಂದು ಹೇಳಿ ಮುಂದಿಟ್ಟೆ. ಮನೆಯೊಳಗೆ ಗೊಂಬೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ನನಗೆ ದಾರಿಯುದ್ದಕ್ಕೂ ಅಳುಕಿತ್ತು. ಹಸೀನಾಬಿ ಕನ್ನಡಕ ತರಿಸಿಕೊಂಡು, ಮುಟ್ಟದೆ, ಸುತ್ತಲಿಂದಲೂ ಬಗ್ಗಿ ಬಗ್ಗಿ ನೋಡಿದರು. ಮೀಸೆ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು ಕಣ್ಣು.

"ಇವರು ಕೆಳಗ ಇದ್ರಲ್ರಿ, ಬಾಯಾರ," ಅಂದರು ಮೆಲ್ಲಗೆ.

ಅವರೇ ಮುಂದುವರಿಸಿದರು. ಆಗಿನ್ನೂ ಅವರು ಹೊಸ ಮದುಮಗಳು. ಕುಸ್ತಿ ಮುಗಿಸಿ ಬಂದ ಗಂಡನ ಬೆನ್ನಿಗೆ ಬಿಸಿನೀರು ಹಾಕುವಾಗ ಮೊಣಕಾಲು, ಅಂಗೈ, ಗದ್ದ ಎಲ್ಲ ಕಡೆ ಚರ್ಮ ಸುಲಿದಿತ್ತಂತೆ. "ನನ್ನ ಮುಂದ ಅತ್ತರ್ರಿ. ಹೊತ್ತ ಮುಳಗೂತನಕ ಕೆಳಗ ಇದ್ದೆ, ಒಮ್ಮಿನೂ ಮ್ಯಾಲ ಬರಾಕ ಆಗ್ಲಿಲ್ಲ ಅಂದ್ರು. ಯಾರ ಮುಂದೂ ಹೇಳಬ್ಯಾಡ ಅಂದ್ರು. ನಾ ಇವತ್ತಿನತನಕ ಹೇಳಿಲ್ಲ."

ನಾನು ಗಡಬಡಿಸಿ, ಮೀಸೆ ತೆಗೆದು ಕೆಳಗಿನವನಿಗೆ ಹಚ್ಚಿ ತರುತ್ತೇನೆ, ಅಕ್ಕನಿಗೂ ಗೊತ್ತಿತ್ತು ಎಂದೆ. ಹಸೀನಾಬಿ ಬೇಡವೆಂದು ಕೈ ಆಡಿಸಿದರು.

"ಇರ್ಲಿ ಬಿಡ್ರಿ. ಮನಿಯೊಳಗ ಬ್ಯಾಡ, ಗಿರಣ್ಯಾಗ ಇಡಸ್ತೀನಿ. ಅಲ್ಲೆ ಬರೂ ಮಂದಿಗೆ ಹಿಂಗ ಹೇಳತಿದ್ರು."

ಮಗನನ್ನು ಕರೆದು ಡಬ್ಬಿ ಕೊಟ್ಟರು. ಅವನು ತಂದೆಯ ಕುರ್ಚಿಯ ಮೇಲಿನ ಗೂಡಿನಲ್ಲಿ ಇಟ್ಟ. ನಾನು ಹೊರಬರುವಷ್ಟರಲ್ಲಿ ಇಬ್ಬರ ಮೈಮೇಲೂ ಹಿಟ್ಟು ಕೂತು, ನನ್ನ ಉಬ್ಬುತಗ್ಗುಗಳೆಲ್ಲ ಸಮನಾಗಿ, ನಿಜವಾಗಿಯೂ ಮಣ್ಣಿನಲ್ಲಿ ಹೊರಳಿದವರಂತೆ ಕಾಣತೊಡಗಿದ್ದರು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಪೈಲ್ವಾನರು ಅತ್ತದ್ದನ್ನು ಹೇಳಿದರೆ ನೋವಾದೀತೆಂದು ಅದನ್ನು ಬಿಟ್ಟೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕಣ್ಣು ತೆರೆಯದೆಯೇ, "ಹಂಗಾರ ನಾ ಕಂಡದ್ದು ಖರೇನ ಆತು," ಅಂದಳು. ಉತ್ತರ ತಾಳೆಯಾದ ಲೆಕ್ಕದ ಕೆಳಗೆ ಗೆರೆ ಎಳೆದವಳ ದನಿ ಅದು. ಆ ದಿನ ಒಂದು ಬಟ್ಟಲು ಗಂಜಿ ಕುಡಿದಳು. ಹದಿನೈದು ದಿನ ದಾಟುವುದರೊಳಗೆ, ಮಧ್ಯಾಹ್ನ ನಾನು ಪಕ್ಕದಲ್ಲಿ ಅವರೆ ಸುಲಿಯುತ್ತ ಕೂತಿದ್ದಾಗಲೇ, ಅಕ್ಕ ಹೋದಳು. ಮಾತಿನ ನಡುವೆ ಹೂಂಗುಟ್ಟುವುದು ನಿಂತದ್ದನ್ನು ನಾನು ಗಮನಿಸಲಿಲ್ಲ. ನನ್ನ ಮಾತು ನನಗೆ ಅಷ್ಟು ಜೋರಾಗಿ ಕೇಳುತ್ತದೆ. ಸತ್ತವಳಿಗೆ ನಾನು ಎಷ್ಟು ಹೊತ್ತು ಶಾಂತಕ್ಕನ ಸೊಸೆಯ ವಿಚಾರ ಹೇಳಿದೆನೋ ದೇವರಿಗೇ ಗೊತ್ತು. ಕೈ ಮುಟ್ಟಿದಾಗ ತಣ್ಣಗಿತ್ತು. ಅವಳ ಬೆರಳುಗಳು ತಣ್ಣಗಾಗಿ ಬಹಳ ದಿನವಾಗಿದ್ದರಿಂದ ಮೊದಲು ಅದೂ ತಿಳಿಯಲಿಲ್ಲ.

ಅವಳ ಮೇಜನ್ನು ತೆಗೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಮ್ಮವರು ಒಮ್ಮೆ ಕೇಳಿದರು, ನನ್ನ ಮುಖ ನೋಡಿ ಸುಮ್ಮನಾದರು. ತೊಡೆಗಳು ತೊಡೆಯ ತಾಟಿನಲ್ಲಿ, ತಲೆಗಳು ತಲೆಯ ತಾಟಿನಲ್ಲಿ ಹಾಗೇ ಇವೆ.

ಮೊನ್ನೆ ಮುಗಳಖೋಡದ ಕಡೆಯವರೊಬ್ಬರು ಮನೆ ಹುಡುಕಿಕೊಂಡು ಬಂದರು. ಅಥಣಿಗೆ ಬೀಗರ ಮನೆಗೆ ಬಂದವರು, ಗಿರಣಿಯಲ್ಲಿ ಜೋಡಿ ಪೈಲ್ವಾನರನ್ನು ನೋಡಿದ್ದರು. ಅದನ್ನು ಮಾಡಿದವರು ತೀರಿಕೊಂಡರೆಂದು ಹೇಳಿದೆ. ಅವರ ಮುಖ ಇಳಿಯಿತು. ಅವರ ಮನೆಯಲ್ಲಿ ಕಾದಾಟದ ಟಗರೊಂದಿತ್ತಂತೆ, ಎಲ್ಲೂ ಸೋಲದ್ದು. ಹಾವು ಕಚ್ಚಿ ಸತ್ತುಹೋಯಿತಂತೆ. ಅದರ ಒಂದು ಸಣ್ಣ ರೂಪ ಮನೆಯಲ್ಲಿರಲಿ ಎಂಬ ಆಸೆ. ದೊಡ್ಡ ಆಳು, ಹೇಳುತ್ತ ಹೇಳುತ್ತ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನೀವು ತಂಗಿಯಲ್ಲವೇ, ನಿಮಗೂ ಆ ಕೈ ಇದ್ದೇ ಇರುತ್ತದೆ ಅಂದರು. ಇಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಟಗರಿನ ಫೋಟೋ ತೋರಿಸಿದರು. ಮೈತುಂಬ ಉಣ್ಣೆ. ಕತ್ತು ಎಲ್ಲಿ ಕೂಡಿದೆ, ಕಾಲು ಎಲ್ಲಿ ಕೂಡಿದೆ, ಯಾವುದೂ ಕಾಣುವುದಿಲ್ಲ. ಎಷ್ಟು ಪೇರಿಸಿದರೂ ಅದು ಉಣ್ಣೆಯೇ. ಹೂಂ ಅಂದುಬಿಟ್ಟೆ.

ಅವರು ಕೈ ಮುಗಿದು ಹೋದರು. ನಾನು ಬಳೆ ತೆಗೆದಿಟ್ಟು ಮೇಜಿನ ಮುಂದೆ ಕೂತೆ. ಕೂತ ಮೇಲೆ ನೆನಪಾಯಿತು, ಕೊಂಬಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.